ಆನ್‌ಲೈನ್ ಕೋರ್ಸ್‌ಗೆ ಚಂದದ ಹೆಸರು ಇಡಬೇಕಾ, ನೇರವಾದ ಹೆಸರು ಸಾಕಾ?

ಮೊಬೈಲ್ ಫೋಟೋಗ್ರಫಿ ಕೋರ್ಸ್ ರೆಕಾರ್ಡ್ ಮಾಡಿ ಮುಗಿಸಿದ್ದೀರಿ. ‘ಬೆಳಕಿನ ಬುತ್ತಿ’ ಅಂತ ಇಡು ಎನ್ನುತ್ತಾರೆ ಗೆಳೆಯರು. ನಿಮಗೆ ‘ಮೊಬೈಲ್ ಫೋಟೋಗ್ರಫಿ ಸಂಪೂರ್ಣ ಕೋರ್ಸ್’ ಸಾಕು ಅನ್ನಿಸಿದೆ. ಯಾವುದು ಒಳ್ಳೆಯದು ಅಂತ ಕೇಳಿದ್ದೀರಿ.

ನನ್ನ ಮಟ್ಟಿಗೆ ಎರಡೂ ಬೇಡ. ಕಾರಣ ನಿಮ್ಮ ಪ್ರಶ್ನೆಯಲ್ಲೇ ಇದೆ. ನಿಮ್ಮ ಪಾಠಗಳೆಲ್ಲ, ಮನೆಯಲ್ಲಿ ಏನಾದರೂ ತಯಾರಿಸಿ ಆನ್‌ಲೈನ್‌ನಲ್ಲಿ ಮಾರುವವರಿಗಾಗಿ ಎಂದು ಕೊನೆಗೆ ಸುಮ್ನೆ ಒಂದು ಸಾಲು ಸೇರಿಸಿದ್ದೀರಲ್ಲ, ಹೆಸರಿನಲ್ಲಿ ಇರಬೇಕಾದ್ದು ಅದು. ‘ಸಂಪೂರ್ಣ’ ಅಂದರೆ ಪ್ರವಾಸದ ಫೋಟೋ, ಮದುವೆ ಫೋಟೋ, ಹಕ್ಕಿ ಫೋಟೋ ಎಲ್ಲವನ್ನೂ ಹುಡುಕಿಕೊಂಡು ಬರುತ್ತಾರೆ. ಸಿಗದಿದ್ದರೆ ಒಂದು ಸ್ಟಾರ್ ಕೊಟ್ಟು ಹೋಗುತ್ತಾರೆ. ಅವರದ್ದೇನೂ ತಪ್ಪಿಲ್ಲ, ಹಾಗೆ ಮಾತು ಕೊಟ್ಟದ್ದು ಹೆಸರು ತಾನೇ?

ನಾನು ಎಕ್ಸೆಲ್ ಕಲಿಸುತ್ತೇನೆ. ‘ಎಕ್ಸೆಲ್ ಪಾಂಡಿತ್ಯ’ ಬೇಕು ಅಂತ ಯಾರೂ ಬರುವುದಿಲ್ಲ. ಸಂಬಳದ ಪಟ್ಟಿ ಮಾಡೋದು ಹೇಗೆ, ಸ್ಟಾಕ್ ಲೆಕ್ಕ ಇಡೋದು ಹೇಗೆ ಅಂತ ತಲೆಕೆಡಿಸಿಕೊಂಡವರು ಬರುತ್ತಾರೆ. ಅವರು ಸರ್ಚ್‌ನಲ್ಲಿ ಟೈಪ್ ಮಾಡುವ ಮಾತೇ ಹೆಸರಿಗೆ ಹತ್ತಿರದ್ದು. ಗೂಗಲ್‌ನಲ್ಲಿ, ಯೂಟ್ಯೂಬ್‌ನಲ್ಲಿ ಅರ್ಧ ಟೈಪ್ ಮಾಡಿ ನಿಲ್ಲಿಸಿ, ಕೆಳಗೆ ಏನು ಸೂಚಿಸುತ್ತದೆ ನೋಡಿ. ಇದೇ ವಿಷಯದ ಬೇರೆ ಕೋರ್ಸ್‌ಗಳ ರಿವ್ಯೂಗಳನ್ನೂ ಓದಿ. ಕಲಿಯುವವರು ತಮ್ಮ ಕಷ್ಟವನ್ನು ಯಾವ ಮಾತಲ್ಲಿ ಹೇಳಿಕೊಳ್ಳುತ್ತಾರೆ ಅನ್ನೋದು ಅಲ್ಲಿ ಚೆನ್ನಾಗಿ ಗೊತ್ತಾಗುತ್ತದೆ.

ನನಗೆ ತೋಚಿದ್ದು: ‘ಮೊಬೈಲ್‌ನಲ್ಲೇ ಪ್ರಾಡಕ್ಟ್ ಫೋಟೋ: ಆನ್‌ಲೈನ್‌ನಲ್ಲಿ ಮಾರುವವರಿಗೆ’. ಕಾವ್ಯವೇನಲ್ಲ, ಆದರೆ ಬೇಕಾದವರಿಗೆ ಇದು ತಮಗೇ ಅಂತ ಅನ್ನಿಸುತ್ತದೆ. ‘ಬೆಳಕಿನ ಬುತ್ತಿ’ಯನ್ನು ಚಾನೆಲ್‌ಗೆ ಇಟ್ಟುಕೊಳ್ಳಿ, ಮುಂದೆ ನಾಲ್ಕಾರು ಕೋರ್ಸ್ ಆದಾಗ ಎಲ್ಲಕ್ಕೂ ಹೊಂದುತ್ತದೆ. ಹಾರ್ವರ್ಡ್ ವಿಶ್ವವಿದ್ಯಾಲಯದ ಕಂಪ್ಯೂಟರ್ ಕೋರ್ಸ್ ಸಿಎಸ್50 ಬರೀ ಅಕ್ಷರ, ಅಂಕಿಯ ಹೆಸರಲ್ಲೇ ಫೇಮಸ್ ಆಯಿತಲ್ಲ ಅಂತೀರಾ? ಅದಕ್ಕೆ ಹಾರ್ವರ್ಡ್ ಬೆನ್ನಿಗಿತ್ತು. ಅದರ ಪೂರ್ತಿ ಹೆಸರಲ್ಲೂ ‘ಇಂಟ್ರೊಡಕ್ಷನ್ ಟು ಕಂಪ್ಯೂಟರ್ ಸೈನ್ಸ್’ ಅಂತ ನೇರವಾಗಿಯೇ ಇದೆ.

ಉದ್ದ ಎಷ್ಟಿರಬೇಕು ಅಂತಲೂ ಕೇಳಿದ್ದೀರಿ. ಆನ್‌ಲೈನ್ ಕೋರ್ಸ್ ಮಾರುವ ಯೂಡೆಮಿ ಸೈಟ್‌ನಲ್ಲಿ ಹೆಸರಿಗೆ 60 ಕ್ಯಾರೆಕ್ಟರ್, ಉಪಶೀರ್ಷಿಕೆಗೆ 120. ಯೂಟ್ಯೂಬ್‌ನಲ್ಲಿ 100 ಹಿಡಿಯುತ್ತದೆ, ಆದರೆ ಮೊಬೈಲ್ ಪರದೆಯಲ್ಲಿ ಅಷ್ಟೂ ಕಾಣುವುದಿಲ್ಲ. ಕನ್ನಡದಲ್ಲಿ ಬರೆಯುವವರಿಗೆ ಇನ್ನೊಂದು ತಾಪತ್ರಯ. ‘ಕ್ಯಾಮೆರಾ’ ನಮ್ಮ ಕಣ್ಣಿಗೆ ಮೂರು ಅಕ್ಷರ. ಕಂಪ್ಯೂಟರ್ ಅಕ್ಷರಗಳನ್ನು ಗುರುತಿಸುವ ಯೂನಿಕೋಡ್ ಲೆಕ್ಕದಲ್ಲಿ ಒತ್ತು, ಗುಣಿತವೆಲ್ಲ ಬೇರೆ ಬೇರೆ, ಹಾಗಾಗಿ 8 ಆಗುತ್ತದೆ. ಜಾಗ ಬೇಗ ಮುಗಿಯುತ್ತದೆ. ಮೇಲೆ ಹೇಳಿದ ಹೆಸರು 60ರೊಳಗೇ ಇದೆ, ಎಣಿಸಿ ನೋಡಿದೆ. ಮುಖ್ಯವಾದ ಪದಗಳು ಮೊದಲೇ ಬರಲಿ, ಕತ್ತರಿಸಿಹೋದರೆ ಬಾಲ ಹೋಗಲಿ. ಬೆಳಕು, ಹಿನ್ನೆಲೆ, ಎಡಿಟಿಂಗ್ ಅಂತ ಪಾಠಗಳ ವಿವರವೆಲ್ಲ ಉಪಶೀರ್ಷಿಕೆಗೆ ಹೋಗಲಿ.

ಇಸವಿ ಸೇರಿಸಬೇಡಿ, ವರ್ಷ ಕಳೆದರೆ ಹಳಸಿದಂತೆ ಕಾಣುತ್ತದೆ. ‘ಮಾಸ್ಟರ್‌ಕ್ಲಾಸ್’ ಅಂತೂ ಬೇಡವೇ ಬೇಡ, ಅದು ಒಂದು ಕಂಪನಿಯ ಹೆಸರೂ ಹೌದು. ಫೋನ್ ಕಂಪನಿಯ ಹೆಸರು ಹಾಕುವುದಾದರೆ ಅವರೇ ನಡೆಸುವ ಕೋರ್ಸ್ ಅನ್ನಿಸದ ಹಾಗೆ ನೋಡಿಕೊಳ್ಳಿ.

ಹೆಸರು ಆರಿಸಿದ ಮೇಲೆ, ಫೋಟೋಗ್ರಫಿ ಗೊತ್ತಿಲ್ಲದ ಯಾರಿಗಾದರೂ ಹೆಸರನ್ನಷ್ಟೇ ತೋರಿಸಿ, ‘ಇದರಲ್ಲಿ ಏನು ಕಲಿಸ್ತಾರೆ, ಯಾರಿಗೆ?’ ಅಂತ ಕೇಳಿ. ‘ಚೆನ್ನಾಗಿದೆಯಾ?’ ಅಂತ ಕೇಳಿದರೆ ಎಲ್ಲರೂ ಚೆನ್ನಾಗಿದೆ ಅಂತಲೇ ಹೇಳುತ್ತಾರೆ, ಅದರಿಂದ ಉಪಯೋಗವಿಲ್ಲ.

ಪಬ್ಲಿಷ್ ಒತ್ತುವ ಮುಂಚೆ ಲಿಂಕ್ ಕೂಡ ಒಮ್ಮೆ ನೋಡಿ. ಎಷ್ಟೋ ಕಡೆ ಮೊದಲು ಕೊಟ್ಟ ಹೆಸರಿನಿಂದಲೇ ಅದು ತಯಾರಾಗುತ್ತದೆ. ಹೆಸರನ್ನು ಆಮೇಲೆ ತಿದ್ದಬಹುದು. ಲಿಂಕ್ ಬದಲಾಯಿಸಿದರೆ ಅಷ್ಟರೊಳಗೆ ಹಂಚಿಕೊಂಡದ್ದು ಕೆಲಸ ಮಾಡದೇ ಹೋಗಬಹುದು, ಅದಕ್ಕೇ ಅದನ್ನು ಮೊದಲೇ ಚಿಕ್ಕದಾಗಿ ಇಟ್ಟುಕೊಳ್ಳಿ.