ಒಮ್ಮೆಯಾದರೂ ಮರಿ ಹಾಕಲೇಬೇಕೇ?

ದಾವಣಗೆರೆಯ ವಿದ್ಯಾನಗರದ ಓದುಗರೊಬ್ಬರು ಬರೆದಿದ್ದಾರೆ: "ನಮ್ಮ ಪಾಮೇರಿಯನ್ ಹೆಣ್ಣು ನಾಯಿಗೆ ಒಂದು ವರ್ಷ ಎರಡು ತಿಂಗಳು. ಒಮ್ಮೆಯಾದರೂ ಮರಿ ಹಾಕದಿದ್ದರೆ ಗರ್ಭಕೋಶಕ್ಕೆ ಕಾಯಿಲೆ ಬರುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ಪಕ್ಕದ ಬೀದಿಯಲ್ಲಿ ಅದೇ ತಳಿಯ ಗಂಡು ಇದೆ. ಎರಡನ್ನೂ ಚಿತ್ರದುರ್ಗದ ಒಂದೇ ಮನೆಯಿಂದ ತಂದದ್ದರಿಂದ ಜೋಡಿ ಹೊಂದುತ್ತದೆ. ನಮ್ಮದು ಬಹಳ ಚುರುಕು. ಓಡುವಾಗ ನಡುವೆ ಒಂದು ಹಿಂಗಾಲೆತ್ತಿ ಕುಪ್ಪಳಿಸುವುದನ್ನು ನೋಡುವುದೇ ಚೆಂದ. ಈ ಬೆದೆಗೆ ಕೂಡಿಸಬಹುದೇ? ಇನ್ನೊಂದು ಮಾತು. ತಂಗಿಯ ಮನೆಯ ನಾಯಿ ಐದು ದಿನದ ಹಿಂದೆ ಮೂರು ಮರಿ ಹಾಕಿದೆ. ಒಂದು ತೀರಾ ಸಣ್ಣದು, ಮೊಲೆಗೆ ಬಾಯಿ ಹಾಕುತ್ತಿಲ್ಲ. ಹಸುವಿನ ಹಾಲು ಕುಡಿಸಬಹುದೇ?"

ಸಂಪಾದಕರ ಉತ್ತರ

ಮರಿಯ ವಿಷಯ ಕಾಯುವಂಥದ್ದಲ್ಲವೆಂದು ಪತ್ರ ಬಂದ ದಿನವೇ ನಿಮಗೆ ಫೋನ್ ಮಾಡಿದ್ದೆ. ಅಂದು ಅವಸರದಲ್ಲಿ ಹೇಳಿದ್ದು ಬೇರೆಯವರಿಗೂ ಬೇಕಾದೀತೆಂದು ಇಲ್ಲಿ ಬಿಡಿಸಿ ಬರೆಯುತ್ತೇನೆ. ಮೊದಲು ನಿಮ್ಮ ನಾಯಿಯ ಮಾತು.

ಪತ್ರದಲ್ಲಿ ನನ್ನ ಕಣ್ಣು ನಿಂತದ್ದು ಆ ಕುಪ್ಪಳಿಕೆಯ ಮೇಲೆ. ಸಣ್ಣ ತಳಿಯ ನಾಯಿ ಓಡುತ್ತ ಓಡುತ್ತ ಹಿಂಗಾಲೊಂದನ್ನು ಎತ್ತಿಕೊಂಡು ನಾಲ್ಕು ಹೆಜ್ಜೆಯ ನಂತರ ಮತ್ತೆ ಊರಿತೆಂದರೆ, ಮೊಣಕಾಲಿನ ಚಿಪ್ಪು ತಾನು ಕೂರುವ ತೋಡಿನಿಂದ ಜಾರಿ ಮತ್ತೆ ಕೂತಿರುವ ಸಾಧ್ಯತೆ ಹೆಚ್ಚು. ಪಾಮೇರಿಯನ್‌ಗಳಲ್ಲಿ ಇದು ತೀರಾ ಸಾಮಾನ್ಯ, ಮತ್ತು ಬಹುಪಾಲು ವಂಶದಿಂದ ಬರುವಂಥದ್ದು. ಈಗ ಅದಕ್ಕೆ ನೋವು ಕಾಣದಿರಬಹುದು. ವರ್ಷಗಳು ಕಳೆದಂತೆ ಕೀಲು ಸವೆಯುತ್ತದೆ. ಪಶುವೈದ್ಯರು ಕೈಯಿಂದಲೇ ಚಿಪ್ಪನ್ನು ಒತ್ತಿ ನೋಡಿ ಹೇಳಬಲ್ಲರು. ಅವರಿಗೂ ಅನುಮಾನ ಉಳಿದರೆ ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜು ದೂರವಿಲ್ಲ. ಚಿಪ್ಪು ಜಾರುತ್ತಿರುವುದು ನಿಜವಾದರೆ ಆ ನಾಯಿಯಿಂದ ಮರಿ ಪಡೆಯಬಾರದು. ಇದರಲ್ಲಿ ನಾನು ರಾಜಿಯ ಮಾತನ್ನು ಹೇಳಲಾರೆ.

ಇನ್ನು ಆ ಗಂಡು. ಒಂದೇ ಮನೆಯಿಂದ ಬಂದವು ಎಂದರೆ ಒಂದೇ ತಾಯಿಯ ಮಕ್ಕಳಿರಬಹುದು. ನಿಮ್ಮದರ ಕಾಲಿನಲ್ಲಿ ಕಾಣುವ ದೋಷ ಅದರ ರಕ್ತದಲ್ಲಿ ಅಡಗಿರಬಹುದು. ಎರಡೂ ಕೂಡಿದರೆ ಮರಿಗಳಲ್ಲಿ ಅದು ಬಲವಾಗಿ ಮೇಲೆದ್ದು ಬರುತ್ತದೆ. ನಾವು ಮನುಷ್ಯರ ಸಂಬಂಧಕ್ಕೆ ಗೋತ್ರ, ಬೆಡಗು ಕೇಳುತ್ತೇವೆ. ನಾಯಿಗೆ ಮಾತ್ರ ಹತ್ತಿರದ ಬೀದಿಯೇ ಸಾಕೆನ್ನುತ್ತೇವೆ.

"ಒಮ್ಮೆಯಾದರೂ" ಎಂಬ ನಂಬಿಕೆ ನಮ್ಮ ಊರುಗಳಲ್ಲಿ ಎಷ್ಟು ಹೆಣ್ಣು ನಾಯಿಗಳನ್ನು ದಣಿಸಿದೆಯೋ! ಒಂದು ಸಲ ಹೆತ್ತರೆ ಗರ್ಭಕೋಶದಲ್ಲಿ ಕೀವು ತುಂಬುವ ಕಾಯಿಲೆ ಬರುವುದಿಲ್ಲವೆಂಬುದು ಸುಳ್ಳು. ಹೆತ್ತ ನಾಯಿಗೂ ಅದು ಬರುತ್ತದೆ. ಅದನ್ನು ತಡೆಯುವುದು ಗರ್ಭಕೋಶ ಮತ್ತು ಅಂಡಾಶಯ ತೆಗೆಯುವ ಶಸ್ತ್ರಚಿಕಿತ್ಸೆ. ಬೇಗ ಮಾಡಿಸಿದರೆ ಮೊಲೆಯ ಗಡ್ಡೆಯ ಭಯವೂ ತಗ್ಗುತ್ತದೆ.

ಕಾಲು ಸರಿಯಿದ್ದರೂ ಈ ಬೆದೆ ಬೇಡ. 2017ರ ಕೇಂದ್ರ ನಿಯಮಗಳು ತಳಿ ಸಾಕಣೆದಾರರಿಗೆ 18 ತಿಂಗಳು ತುಂಬದ ನಾಯಿಯನ್ನು ಕೂಡಿಸಬಾರದು, ಎಂಟು ವಾರ ತುಂಬದ ಮರಿಯನ್ನು ಮಾರಬಾರದು ಎನ್ನುತ್ತವೆ. ಮನೆಯವರೂ ಅಷ್ಟನ್ನಾದರೂ ಪಾಲಿಸಬೇಕು. ಸಣ್ಣ ನಾಯಿಗೆ ಹೆರಿಗೆ ಸುಲಭವಲ್ಲ. ಹೊಟ್ಟೆಯಲ್ಲಿ ಒಂದೋ ಎರಡೋ ಮರಿಯಿದ್ದಾಗ ಅವು ದಪ್ಪವಾಗಿ ಬೆಳೆದು ಸಿಕ್ಕಿಕೊಳ್ಳುತ್ತವೆ. ಅರ್ಧ ಗಂಟೆ ಜೋರಾಗಿ ಮುಕ್ಕರಿದರೂ ಮರಿ ಬರದಿದ್ದರೆ ರಾತ್ರಿ ಎರಡು ಗಂಟೆಯಾದರೂ ಆಪರೇಷನ್ ಮಾಡುವವರು ಬೇಕು. ಕೂಡಿಸುವ ಮೊದಲೇ ಆ ವೈದ್ಯರು ಯಾರೆಂದು ಗೊತ್ತುಮಾಡಿಕೊಂಡಿರಬೇಕು.

ಈಗ ತಂಗಿಯ ಮನೆಯ ಮರಿಗಳು. ಹಾಲಿಗಿಂತ ಮೊದಲು ಬಿಸಿ. ಮೊದಲ ವಾರದಲ್ಲಿ ಮರಿ ತನ್ನ ಮೈಯನ್ನು ತಾನೇ ಬೆಚ್ಚಗಿಟ್ಟುಕೊಳ್ಳಲಾರದು. ಅದು ಮಲಗುವ ಜಾಗ 29ರಿಂದ 32 ಡಿಗ್ರಿ ಸೆಲ್ಸಿಯಸ್ ಇರಬೇಕು. ದಾವಣಗೆರೆಯ ಬಿಸಿಲಿನಲ್ಲಿ ಇದೇನು ಚಿಂತೆ ಎನ್ನಿಸೀತು. ಆದರೆ ಫ್ಯಾನಿನ ಕೆಳಗಿನ ಟೈಲ್ಸ್ ನೆಲ ಬೇಸಿಗೆಯಲ್ಲೂ ಮರಿಯ ಬಿಸಿಯನ್ನು ಹೀರಿಬಿಡುತ್ತದೆ. ರಟ್ಟಿನ ಪೆಟ್ಟಿಗೆ, ಹಳೆಯ ಕಾಟನ್ ಸೀರೆ, ಬಟ್ಟೆ ಸುತ್ತಿದ ಬಿಸಿನೀರಿನ ಬಾಟಲಿ ಸಾಕು. ಬಾಟಲಿ ಒಂದು ಬದಿಗಿರಲಿ, ಸೆಕೆಯಾದರೆ ಮರಿ ತೆವಳಿ ದೂರ ಹೋಗಲು ಜಾಗವಿರಲಿ.

ಇಪ್ಪತ್ತು ವರ್ಷಗಳ ಹಿಂದೆ ನಮ್ಮ ಮನೆಯಲ್ಲಿ ತಣ್ಣಗಾಗಿದ್ದ ಮರಿಯೊಂದಕ್ಕೆ ನಾನು ಕರುಣೆಯಿಂದಲೇ ಹಾಲು ಹನಿಸಿದೆ. ಬೆಳಗಿನ ಹೊತ್ತಿಗೆ ಅದು ಸತ್ತಿತ್ತು. ಮೈ ತಣ್ಣಗಿರುವ ಮರಿಯ ಹೊಟ್ಟೆ ಹಾಲನ್ನು ಅರಗಿಸುವುದಿಲ್ಲ, ಮೊದಲು ನಿಧಾನವಾಗಿ ಬೆಚ್ಚಗಾಗಿಸಬೇಕು ಎಂದು ವೈದ್ಯರು ಆಮೇಲೆ ಹೇಳಿದರು. ಮಲಗಿಸಿ ಕುಡಿಸಿದ್ದೂ ತಪ್ಪಾಗಿತ್ತು. ಹೊಟ್ಟೆ ಕೆಳಗಾಗಿ, ತಾಯಿಯ ಮೊಲೆಯುಣ್ಣುವ ಭಂಗಿಯಲ್ಲೇ ಕುಡಿಸಬೇಕು. ಇಲ್ಲವಾದರೆ ಹಾಲು ಶ್ವಾಸಕೋಶ ಸೇರುತ್ತದೆ.

ಹಸುವಿನ ಹಾಲು ಬೇಡ. ನಾಯಿಯ ಹಾಲಿನಲ್ಲಿ ಕೊಬ್ಬು, ಪ್ರೋಟೀನ್ ಎರಡೂ ಅದರ ಎರಡು ಪಟ್ಟಿಗಿಂತ ಹೆಚ್ಚು. ಮರಿಗಳಿಗೆಂದೇ ಮಾಡಿದ ಹಾಲಿನ ಪುಡಿ ಔಷಧಿ ಅಂಗಡಿಗಳಲ್ಲಿ ಸಿಗುತ್ತದೆ. ಅದಕ್ಕೂ ಮುಂಚೆ ಸಣ್ಣದನ್ನು ಒಂಟಿಯಾಗಿ ಹಾಲು ಹೆಚ್ಚಿರುವ ಹಿಂದಿನ ಮೊಲೆಗೆ ಹಿಡಿದು ನೋಡಿ. ದಿನಕ್ಕೊಮ್ಮೆ ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ ಬರೆದಿಡಿ. ತೂಕ ಒಂದು ದಿನ ಏರದಿದ್ದರೂ ವೈದ್ಯರಿಗೆ ತೋರಿಸಿ.

ತಾಯಿಯ ಮೇಲೂ ಕಣ್ಣಿರಲಿ. ಹಾಲೂಡಿಸುವ ಮೊದಲ ನಾಲ್ಕು ವಾರಗಳಲ್ಲಿ ಸಣ್ಣ ನಾಯಿಗಳ ರಕ್ತದಲ್ಲಿ ಕ್ಯಾಲ್ಸಿಯಂ ದಿಢೀರನೆ ಕುಸಿಯುವುದುಂಟು. ಏದುಸಿರು, ಚಡಪಡಿಕೆ, ಸೆಟೆದ ನಡಿಗೆ, ನಡುಕ ಕಂಡರೆ ಮರಿಗಳನ್ನು ಬಿಡಿಸಿ ಕೂಡಲೇ ಆಸ್ಪತ್ರೆಗೆ ಒಯ್ಯಬೇಕು. ತಡವಾದರೆ ಸೆಳೆತ ಬಂದು ಸಾಯುತ್ತದೆ. ಬಸುರಿಯಲ್ಲಿ ಕ್ಯಾಲ್ಸಿಯಂ ಮಾತ್ರೆ ನುಂಗಿಸಿದರೆ ಇದು ತಪ್ಪುತ್ತದೆಂದು ಬಹಳ ಮಂದಿ ತಿಳಿದಿದ್ದಾರೆ. ಹಾಗೆ ಕೊಟ್ಟಾಗ ಮೂಳೆಯಿಂದ ಕ್ಯಾಲ್ಸಿಯಂ ತೆಗೆದುಕೊಳ್ಳುವ ದೇಹದ ಅಭ್ಯಾಸವೇ ಮಂದವಾಗಿ ಅಪಾಯ ಹೆಚ್ಚುತ್ತದೆ.

ಮನೆಯಲ್ಲಿ ಮರಿ ಓಡಾಡಬೇಕೆಂಬ ನಿಮ್ಮ ಆಸೆ ಪತ್ರದ ಪ್ರತಿ ಸಾಲಿನಲ್ಲೂ ಕಾಣುತ್ತದೆ. ಹಾಗಿದ್ದರೆ ಆ ಸಣ್ಣ ಮರಿಯನ್ನೇ ತನ್ನಿ. ಎಂಟು ವಾರ ತಾಯಿಯ ಬಳಿಯೇ ಇರಲಿ, ಎರಡನೆಯ ವಾರದಿಂದ ಜಂತಿನ ಔಷಧ, ಆರರಿಂದ ಎಂಟು ವಾರದೊಳಗೆ ಮೊದಲ ಲಸಿಕೆ ಆಗಲಿ. ಅಷ್ಟರೊಳಗೆ ನಿಮ್ಮ ನಾಯಿಯ ಕಾಲನ್ನು ತೋರಿಸಿ, ವೈದ್ಯರು ಏನೆಂದರು ಎಂದು ನನಗೆ ಬರೆಯಿರಿ.