ಹೊರದೇಶದ ಸಗಟು ವಿತರಕರಿಗೆ ಏಕಸ್ವಾಮ್ಯ ಕೊಡುವ ಮೊದಲು

ಪ್ರಶ್ನೆ: ನಮ್ಮದು ಸೈಕಲ್ ಸೀಟು ಮತ್ತು ದೀಪಗಳನ್ನು ತಯಾರಿಸುವ ಸಣ್ಣ ಕಾರ್ಖಾನೆ. ಜರ್ಮನಿಯ ಇಬ್ಬರು ಸಗಟು ವಿತರಕರು ನಮ್ಮ ಸರಕಿನಲ್ಲಿ ಆಸಕ್ತಿ ತೋರಿಸಿದ್ದಾರೆ. ಒಬ್ಬರು ಹತ್ತಾರು ಬ್ರಾಂಡ್‌ಗಳನ್ನು ಮಾರುವ ದೊಡ್ಡ ಸಂಸ್ಥೆಯವರು. ಆರಂಭದಲ್ಲೇ ಎರಡು ಕಂಟೇನರ್ ಸರಕು ಕೊಳ್ಳುತ್ತೇವೆ, ಆದರೆ ಐದು ವರ್ಷ ಆ ದೇಶದಲ್ಲಿ ಬೇರೆ ಯಾರಿಗೂ ಕೊಡಬಾರದು ಎನ್ನುತ್ತಾರೆ. ಇನ್ನೊಬ್ಬರು ಚಿಕ್ಕವರು, ಅಂಥ ಷರತ್ತಿಲ್ಲ, ಆದರೆ 90 ದಿನಗಳ ಉದ್ದರಿ ಕೇಳುತ್ತಿದ್ದಾರೆ. ಯಾರನ್ನು ಆಯ್ದುಕೊಳ್ಳುವುದು ಸರಿ?

ಉತ್ತರ: ಮೊದಲ ಆರ್ಡರಿನ ಗಾತ್ರವನ್ನು ನೋಡಿ ತೀರ್ಮಾನಿಸಬೇಡಿ. ವಿತರಕರ ಗೋದಾಮು ಸೇರಿದ ಸರಕು ನಿಮ್ಮ ಪುಸ್ತಕದಲ್ಲಿ ಮಾರಾಟವಾಗಿರಬಹುದು, ಆದರೆ ಅಂಗಡಿಯವರು ಅದನ್ನು ತರಿಸಿಕೊಂಡು, ಖರ್ಚಾದ ಮೇಲೆ ಮತ್ತೊಮ್ಮೆ ಕೇಳುವವರೆಗೆ ಅದಕ್ಕೆ ಮಾರುಕಟ್ಟೆ ಸಿಕ್ಕಿದೆ ಎನ್ನಲಾಗದು. 2020 ಮತ್ತು 2021ರಲ್ಲಿ ಸೈಕಲ್‌ಗಳ ಬೇಡಿಕೆ ಏಕಾಏಕಿ ಏರಿದಾಗ ಅನೇಕ ಸಗಟುದಾರರು ಸಿಕ್ಕಷ್ಟು ಸರಕಿಗೆ ಆರ್ಡರ್ ಕೊಟ್ಟರು. ಬೇಡಿಕೆ ಇಳಿದ ಮೇಲೆ ಅದೇ ದಾಸ್ತಾನನ್ನು ಭಾರಿ ರಿಯಾಯಿತಿಗೆ ಕರಗಿಸಬೇಕಾಯಿತು, ಆ ರಿಯಾಯಿತಿಯಿಂದ ತಯಾರಕರ ಹೆಸರಿಗೂ ಪೆಟ್ಟು ಬಿತ್ತು. ಜರ್ಮನಿಯಲ್ಲಿ ಜಿಎಂಬಿಎಚ್ ಮಾದರಿಯ (ಸೀಮಿತ ಹೊಣೆಗಾರಿಕೆಯ) ಕಂಪನಿಗಳು ತಮ್ಮ ವಾರ್ಷಿಕ ಲೆಕ್ಕಪತ್ರವನ್ನು ಸಾರ್ವಜನಿಕ ದಾಖಲೆಗೆ ಸಲ್ಲಿಸಬೇಕೆಂಬ ನಿಯಮವಿದೆ. ಇಬ್ಬರ ಲೆಕ್ಕಪತ್ರವನ್ನೂ ತರಿಸಿ, ಮೂರು ವರ್ಷಗಳಲ್ಲಿ ದಾಸ್ತಾನಿನ ಮೊತ್ತ ಮತ್ತು ಸಾಲ ಯಾವ ದಿಕ್ಕಿಗೆ ಹೋಗಿವೆ ಎಂಬುದನ್ನು ಹೋಲಿಸಿ ನೋಡಿ.

ನನ್ನ ಮಟ್ಟಿಗೆ, ವಿತರಕರು ಕೊಡುವ ಭರವಸೆಗಿಂತ ಅವರು ಕೇಳುವ ಪ್ರಶ್ನೆಗಳೇ ಹೆಚ್ಚು ತಿಳಿಸುತ್ತವೆ. ಜರ್ಮನಿಯ ರಸ್ತೆ ಸಂಚಾರದ ನಿಯಮಾವಳಿಯ ಪ್ರಕಾರ ಸೈಕಲ್‌ನ ದೀಪಕ್ಕೆ ಮಾದರಿ ಅನುಮೋದನೆ ಬೇಕು. ಅನುಮೋದನೆ ಪಡೆದ ದೀಪದ ಮೇಲೆ ಅಲೆಯಂಥ ಗೆರೆ, ‘ಕೆ’ ಅಕ್ಷರ ಮತ್ತು ಒಂದು ಸಂಖ್ಯೆ ಇರುತ್ತವೆ. ಬೇರೆ ಹಲವು ದೇಶಗಳಲ್ಲಿ ಧಾರಾಳವಾಗಿ ಮಾರಾಟವಾಗುವ ಮಿನುಗುವ ಹಿಂದೀಪವನ್ನು ಅಲ್ಲಿನ ಸೈಕಲ್‌ಗೆ ಹಾಕುವಂತಿಲ್ಲ. ನಿಮ್ಮ ದೀಪವನ್ನು ಕೈಗೆತ್ತಿಕೊಂಡು ಆ ಗುರುತನ್ನು ಹುಡುಕದೆ ನೇರವಾಗಿ ಬೆಲೆಯ ಮಾತಿಗೆ ಇಳಿದವರು ಅಲ್ಲಿ ದೀಪ ಮಾರಿದ ಅನುಭವಿಗಳಲ್ಲ. 2024ರ ಡಿಸೆಂಬರ್ 13ರಿಂದ ಜಾರಿಯಲ್ಲಿರುವ ಐರೋಪ್ಯ ಒಕ್ಕೂಟದ ಉತ್ಪನ್ನ ಸುರಕ್ಷತಾ ನಿಯಮದ ಪ್ರಕಾರ ಒಕ್ಕೂಟದೊಳಗೆ ನೆಲೆಸಿರುವ ಒಬ್ಬ ಹೊಣೆಗಾರರು ಇರಬೇಕು, ಅವರ ವಿಳಾಸ ಸರಕಿನ ಮೇಲೋ ಪೊಟ್ಟಣದ ಮೇಲೋ ಜೊತೆಗಿನ ಕಾಗದಪತ್ರದಲ್ಲೋ ಕಾಣಬೇಕು. ಈ ಹೊಣೆಯನ್ನು ಯಾರು ಹೊರುತ್ತಾರೆಂದು ಲಿಖಿತವಾಗಿ ಕೇಳಿ.

ಮುಂದಿನ ಪರೀಕ್ಷೆಗೆ ಖರ್ಚಿಲ್ಲ, ಸ್ವಲ್ಪ ಸಂಕೋಚ ಬಿಡಬೇಕು ಅಷ್ಟೆ. ಇಬ್ಬರಿಂದಲೂ ಅವರು ಸರಕು ಒದಗಿಸುವ ಕೆಲವು ಅಂಗಡಿಗಳ ಹೆಸರು ಪಡೆಯಿರಿ. ಅವರು ಹೆಸರಿಸದ ಕೆಲವು ಅಂಗಡಿಗಳನ್ನು ನೀವೇ ಹುಡುಕಿ, ಅವರನ್ನೂ ವಿಚಾರಿಸಿ. ಒಂದೇ ಒಂದು ದೀಪದ ಕ್ಲ್ಯಾಂಪ್ ಬೇಕಾದರೆ ಎಷ್ಟು ದಿನಕ್ಕೆ ಬರುತ್ತದೆ, ಪ್ರತಿನಿಧಿ ಅಂಗಡಿಗೆ ಬರುವುದುಂಟೇ, ಕೆಟ್ಟ ಸರಕನ್ನು ಹಿಂದಿರುಗಿಸಿದರೆ ಏನಾಗುತ್ತದೆ ಎಂದು ಕೇಳಿ. ಕೊನೆಯ ಪ್ರಶ್ನೆ ಸೀಟಿನ ವ್ಯಾಪಾರಕ್ಕೆ ಬಹಳ ಮುಖ್ಯ. ಕಾರ್ಬನ್ ಕಂಬಿಯ ಸೀಟುಗಳಲ್ಲಿ, ಸೀಟಿನ ಅಡಿಯಲ್ಲಿರುವ ಈ ಕಂಬಿ ಸಾಮಾನ್ಯವಾಗಿ 7×9 ಮಿಲಿಮೀಟರಿನ ಮೊಟ್ಟೆಯಾಕಾರದ್ದಾಗಿರುತ್ತದೆ. ಅದನ್ನು 7 ಮಿಲಿಮೀಟರಿನ ದುಂಡು ಕಂಬಿಗೆಂದು ಮಾಡಿದ, ಪಕ್ಕದಿಂದ ಬಿಗಿಯುವ ಕ್ಲ್ಯಾಂಪಿಗೆ ಸಿಕ್ಕಿಸಿದರೆ ಕಂಬಿ ನಜ್ಜುಗುಜ್ಜಾಗುತ್ತದೆ. ಹಾಗೆ ಒಡೆದು ಬಂದ ಸೀಟನ್ನು ನೋಡಿ, ಇದು ತಯಾರಿಕೆಯ ದೋಷವೋ ಜೋಡಣೆಯ ತಪ್ಪೋ ಎಂದು ಅಲ್ಲೇ ನಿರ್ಧರಿಸಬಲ್ಲ ಮೆಕ್ಯಾನಿಕ್ ವಿತರಕರ ಬಳಿ ಇರಬೇಕು. ಇಲ್ಲವಾದರೆ ದೂರು ಬಂದಾಗಲೆಲ್ಲ ಹೊಸ ಸೀಟು ಕೊಡುವ ಹೊರೆ ನಿಮ್ಮ ಮೇಲೆಯೇ ಬೀಳುತ್ತದೆ.

ದೊಡ್ಡ ವಿತರಕರಲ್ಲಿ ಗಮನಿಸಬೇಕಾದ ಇನ್ನೊಂದು ಸಂಗತಿಯಿದೆ: ಅವರಿಗೆ ಸ್ವಂತ ಬ್ರಾಂಡಿನ ಸೀಟೋ ದೀಪವೋ ಇದೆಯೇ? ಈ ವ್ಯಾಪಾರದಲ್ಲಿ ಅದು ಸಾಮಾನ್ಯ. ಅಮೆರಿಕದ ಕ್ವಾಲಿಟಿ ಬೈಸಿಕಲ್ ಪ್ರಾಡಕ್ಟ್ಸ್ ಸಂಸ್ಥೆ ಇತರರ ಸರಕನ್ನು ಅಂಗಡಿಗಳಿಗೆ ಒದಗಿಸುತ್ತಲೇ ಸರ್ಲಿ, ಸಾಲ್ಸಾ ಎಂಬ ತನ್ನದೇ ಬ್ರಾಂಡ್‌ಗಳನ್ನೂ ನಡೆಸುತ್ತದೆ. ಇದರಲ್ಲಿ ತಪ್ಪೇನಿಲ್ಲ. ಆದರೆ ನಿಮ್ಮ ಬೆಲೆಯ ಮಟ್ಟದಲ್ಲೇ ಅವರ ಸ್ವಂತ ಸೀಟೂ ಇದ್ದರೆ, ಹೆಚ್ಚು ಲಾಭ ಕೊಡುವ ತಮ್ಮ ಸರಕನ್ನು ಬದಿಗಿಟ್ಟು ನಿಮ್ಮದನ್ನು ಮುಂದೆ ಮಾಡುವುದಕ್ಕೆ ಅವರಿಗೆ ಏನು ಕಾರಣವಿದೆ? ಅಂಥವರ ಕೈಯಲ್ಲಿ ಐದು ವರ್ಷದ ಏಕಸ್ವಾಮ್ಯವೆಂದರೆ ಪ್ರತಿಸ್ಪರ್ಧಿಯನ್ನು ಮಾರುಕಟ್ಟೆಯಿಂದ ದೂರವಿಡುವ ಅಗ್ಗದ ಉಪಾಯವೂ ಆಗಬಹುದು.

ಬೆಲೆಯನ್ನು ಗಿರಾಕಿಯ ಕಡೆಯಿಂದ ಹಿಂದಕ್ಕೆ ಲೆಕ್ಕ ಹಾಕಿ. ಅಂಗಡಿಯಲ್ಲಿ ಸೀಟಿನ ಬೆಲೆ 59.50 ಯೂರೋ ಎಂದಿಟ್ಟುಕೊಂಡರೆ, ಶೇ. 19ರ ತೆರಿಗೆ ಕಳೆದು 50 ಯೂರೋ ಉಳಿಯುತ್ತದೆ, ಅಂಗಡಿಯವರು ಶೇ. 40 ಇಟ್ಟುಕೊಂಡರೆ 30, ಅದರಲ್ಲಿ ವಿತರಕರು ಶೇ. 30 ಇಟ್ಟುಕೊಂಡರೆ 21. ಸಾಗಣೆ, ಸುಂಕ, ವಿಮೆ, ವಾರಂಟಿಯ ವೆಚ್ಚಗಳೆಲ್ಲ ಈ 21 ಯೂರೋದೊಳಗೇ ಮುಗಿದು ನಿಮಗೂ ಏನಾದರೂ ಉಳಿಯಬೇಕು.

ಏಕಸ್ವಾಮ್ಯವನ್ನು ಪೂರ್ತಿಯಾಗಿ ನಿರಾಕರಿಸಬೇಕೆಂದು ನಾನು ಹೇಳುವುದಿಲ್ಲ. ಪ್ರಚಾರಕ್ಕೆ ಹಣ ಹಾಕುವವರು ಅದನ್ನು ಕೇಳುವುದು ನ್ಯಾಯವೇ. ಆದರೆ ಮೊದಲ ಅವಧಿ 18 ತಿಂಗಳಿಗಿಂತ ಹೆಚ್ಚಿರದಿರಲಿ. ಅಲ್ಲಿ ಸೀಟಿನ ವ್ಯಾಪಾರ ವಸಂತ ಮತ್ತು ಬೇಸಿಗೆಯಲ್ಲಿ ಏರುತ್ತದೆ, ದೀಪದ ವ್ಯಾಪಾರ ಕತ್ತಲೆ ಬೇಗ ಕವಿಯುವ ಅಕ್ಟೋಬರಿನ ಹೊತ್ತಿಗೆ; ಎರಡನ್ನೂ ನೋಡಲು ಅಷ್ಟು ಕಾಲ ಸಾಕು. ಕನಿಷ್ಠ ಖರೀದಿಯ ಜೊತೆಗೆ, ನಿಮ್ಮ ಸರಕನ್ನು ಎರಡನೆಯ ಸಲ ತರಿಸಿಕೊಂಡ ಅಂಗಡಿಗಳ ಸಂಖ್ಯೆಯನ್ನೂ ಷರತ್ತಾಗಿ ಬರೆಸಿ, ಗುರಿ ತಪ್ಪಿದರೆ ಏಕಸ್ವಾಮ್ಯ ತಾನಾಗಿ ರದ್ದಾಗುವಂತಿರಲಿ. ಒಪ್ಪಂದ ಮುಗಿಸುವ ವಿಧಿಯನ್ನು ಅಲ್ಲಿನ ವಕೀಲರಿಗೆ ತೋರಿಸದೆ ಸಹಿ ಹಾಕಬೇಡಿ. ಜರ್ಮನಿಯ ನ್ಯಾಯಾಲಯಗಳು ಒಪ್ಪಂದ ಮುಗಿದಾಗ ವಾಣಿಜ್ಯ ಏಜೆಂಟರಿಗೆ ಸಿಗುವ ಪರಿಹಾರವನ್ನು ಕೆಲವು ಸಂದರ್ಭಗಳಲ್ಲಿ ವಿತರಕರಿಗೂ ಅನ್ವಯಿಸುತ್ತವೆ. ಚಿಲ್ಲರೆ ಬೆಲೆ ಇಷ್ಟೇ ಇರಬೇಕೆಂದು ವಿಧಿಸಲು ಐರೋಪ್ಯ ಸ್ಪರ್ಧಾ ಕಾನೂನು ಬಿಡುವುದಿಲ್ಲ. ಟ್ರೇಡ್‌ಮಾರ್ಕನ್ನು ಮಾತುಕತೆ ಮುಂದುವರಿಯುವ ಮುನ್ನವೇ ನಿಮ್ಮ ಹೆಸರಿನಲ್ಲಿ ನೋಂದಾಯಿಸಿ. ವಿತರಕರೇ ಮೊದಲು ನೋಂದಾಯಿಸಿಕೊಂಡರೆ ಬಿಡಿಸಿಕೊಳ್ಳುವುದು ದುಬಾರಿಯ ಕೆಲಸ.

ನೀವು ತಿಳಿಸಿರುವಷ್ಟರಿಂದ ನನಗೆ ಚಿಕ್ಕ ವಿತರಕರ ಕಡೆಗೇ ಒಲವು, ಉದ್ದರಿಯ ಮಾತು ಬಗೆಹರಿದರೆ. 90 ದಿನ ಯಾವ ದಿನದಿಂದ ಎಂಬುದನ್ನು ಮೊದಲು ಇತ್ಯರ್ಥ ಮಾಡಿ: ಸರಕು ತಲುಪಿದ ದಿನದಿಂದ ಎಣಿಸಿದರೆ ಸಮುದ್ರಯಾನದ ವಾರಗಳೂ ಸೇರಿ ನಿಮ್ಮ ಹಣ ನಾಲ್ಕು ತಿಂಗಳಿಗೂ ಹೆಚ್ಚು ಕಾಲ ಸಿಕ್ಕಿಕೊಳ್ಳಬಹುದು. ಮೊದಲ ಎರಡು ಆರ್ಡರ್‌ಗಳಿಗೆ ಅರ್ಧ ಹಣ ಮುಂಗಡವಾಗಿ ಕೇಳಿ, ಉಳಿದರ್ಧಕ್ಕೆ ರಫ್ತು ಸಾಲದ ವಿಮೆ (ಕೊಳ್ಳುಗರು ಹಣ ಕೊಡದಿದ್ದರೆ ನಷ್ಟ ತುಂಬುವ ವಿಮೆ) ಮಾಡಿಸಿ. ವಿಮೆಯವರು ಆ ಕೊಳ್ಳುಗರ ಹೆಸರಿಗೆ ಉದ್ದರಿಯ ಮಿತಿ ಕೊಡಲು ಹಿಂಜರಿದರೆ, ಪೂರ್ತಿ ಹಣ ಬರುವವರೆಗೆ ಸರಕು ಕಳುಹಿಸಬೇಡಿ.