ಒಂದು ಕಾದಂಬರಿ ಊರನ್ನು ಸಾಕುತ್ತದಾ?

ಪ್ರಶ್ನೆ: ‘ಟು ಕಿಲ್ ಎ ಮಾಕಿಂಗ್‌ಬರ್ಡ್’ ಈಗಷ್ಟೇ ಓದಿ ಮುಗಿಸಿದೆ. ಅದನ್ನು ಬರೆದ ಹಾರ್ಪರ್ ಲೀ ಅವರ ಊರಿಗೆ ಓದುಗರು ಈಗಲೂ ಹುಡುಕಿಕೊಂಡು ಹೋಗುತ್ತಾರಂತೆ, ಹೌದಾ? ಊರಿನವರ ಹೊಟ್ಟೆಪಾಡು ಅದರಿಂದಲೇ ನಡೆಯುತ್ತದಾ?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಹೋಗುತ್ತಾರೆ, ನಿಜ. ಆದರೆ ಹೊಟ್ಟೆಪಾಡು ಅದರಿಂದಲೇ ನಡೆಯುವುದಿಲ್ಲ.

ಊರಿನ ಹೆಸರು ಮನ್ರೋವಿಲ್. ಅಮೆರಿಕದ ಅಲಬಾಮಾ ರಾಜ್ಯದ ಮನ್ರೋ ಕೌಂಟಿಯ ಮುಖ್ಯ ಊರು ಅದು. ಕೌಂಟಿ ಅಂದರೆ ಹೆಚ್ಚುಕಡಿಮೆ ನಮ್ಮ ಜಿಲ್ಲೆ ಇದ್ದ ಹಾಗೆ, ಆದರೆ 2020ರ ಜನಗಣತಿಯಲ್ಲಿ ಇಡೀ ಕೌಂಟಿಯಲ್ಲಿ 20,000 ಜನರೂ ಇರಲಿಲ್ಲ. ಲೀ ಮತ್ತು ಮುಂದೆ ಹೆಸರಾಂತ ಲೇಖಕರಾದ ಟ್ರೂಮನ್ ಕಪೋಟಿ ಇಬ್ಬರೂ ಚಿಕ್ಕವರಿದ್ದಾಗ ಅಲ್ಲಿ ಅಕ್ಕಪಕ್ಕದ ಮನೆಯವರು. ನೀವು ಓದಿದ ಪುಸ್ತಕದ ಡಿಲ್ ಇದ್ದಾನಲ್ಲ, ಆ ಹುಡುಗನಿಗೆ ಮಾದರಿ ಕಪೋಟಿಯೇ. ಅಷ್ಟು ಚಿಕ್ಕ ಊರಿಗೆ 1997ರಲ್ಲಿ ‘ಅಲಬಾಮಾದ ಸಾಹಿತ್ಯ ರಾಜಧಾನಿ’ ಎಂಬ ಪಟ್ಟವೂ ಸಿಕ್ಕಿತು.

ನೋಡಲೇಬೇಕಾದ್ದು ಹಳೇ ಕೋರ್ಟು. ಲೀ ಅವರ ತಂದೆ ವಕೀಲರಾಗಿದ್ದದ್ದು ಇದೇ ಊರಲ್ಲಿ. ಕಾದಂಬರಿಯನ್ನು 1962ರಲ್ಲಿ ಸಿನಿಮಾ ಮಾಡಿದವರು ಈ ಕೋರ್ಟಿನ ಅಳತೆ ತೆಗೆದುಕೊಂಡು ಹೋಗಿ ಹಾಲಿವುಡ್‌ನಲ್ಲಿ ಇದೇ ಥರದ ಸೆಟ್ ಹಾಕಿದರು. ಈಗ ಅದು ಮ್ಯೂಸಿಯಂ. ವಸಂತದಲ್ಲಿ ಊರಿನವರೇ ಬಣ್ಣ ಹಚ್ಚಿ ಈ ಕಥೆಯನ್ನು ನಾಟಕ ಆಡುತ್ತಾರೆ: ಮೊದಲ ಭಾಗ ಹೊರಗೆ ಹುಲ್ಲಿನ ಮೇಲೆ, ಮಾಡದ ತಪ್ಪಿಗೆ ಸಿಕ್ಕಿಬಿದ್ದ ಕಪ್ಪು ಮನುಷ್ಯನ ವಿಚಾರಣೆ ಬಂದಾಗ ಎಲ್ಲರೂ ಎದ್ದು ಒಳಗೆ ಕೋರ್ಟಿಗೆ, ಅಲ್ಲಿ ಪ್ರೇಕ್ಷಕರಲ್ಲೇ ಕೆಲವರು ತಪ್ಪಿತಸ್ಥನೋ ಅಲ್ಲವೋ ಎಂದು ತೀರ್ಮಾನಿಸುವ ಜ್ಯೂರಿಯಾಗಿ ಕೂರುತ್ತಾರೆ. ಟಿಕೆಟ್ ತಗೊಂಡು ಬಂದವನೇ ಆ ಕುರ್ಚಿಯಲ್ಲಿ ಕೂರಬೇಕು, ಎಂಥಾ ಸಂಕಟ ಅಲ್ವಾ!

ಆದರೆ ಆ ಸುಗ್ಗಿ ಕೆಲವು ವಾರಗಳದ್ದು ಅಷ್ಟೆ. ವರ್ಷಪೂರ್ತಿ ಸಂಬಳ ಕೊಡುತ್ತಿದ್ದದ್ದು ‘ವ್ಯಾನಿಟಿ ಫೇರ್’ ಕಂಪನಿ. 1937ರಲ್ಲಿ ಬಂದ ಈ ಒಳಉಡುಪಿನ ಕಾರ್ಖಾನೆಯಲ್ಲಿ ಹೊಲಿಗೆಗೆ ಕೂರುತ್ತಿದ್ದವರು ಜಾಸ್ತಿ ಹೆಂಗಸರೇ. 1990ರ ದಶಕದಲ್ಲಿ ಹೊಲಿಗೆ ಕೆಲಸ ಅಗ್ಗದ ಕೂಲಿಯ ದೇಶಗಳಿಗೆ ಹೋಯಿತು. ಅಷ್ಟು ಮನೆಗಳ ಸಂಬಳವನ್ನು ನಾಟಕದ ಟಿಕೆಟ್ ದುಡ್ಡು ತುಂಬಿಕೊಡುವುದು ಆಗದ ಮಾತು. ಉಳಿದಿರುವ ದೊಡ್ಡ ಆಸರೆ ಪೈನ್ ಕಾಡು, ಮರದ ದಿಮ್ಮಿ, ಕಾಗದಕ್ಕೆ ಬೇಕಾದ ತಿರುಳು ಮಾಡುವ ಕಾರ್ಖಾನೆ.

ಇನ್ನೊಂದು ಮಾತು ಹೇಳಲೇಬೇಕು. ಇದೇ ಕೌಂಟಿಯಲ್ಲಿ ಮರ ಕಡಿದು ಬದುಕುತ್ತಿದ್ದ ಕಪ್ಪು ವ್ಯಕ್ತಿ ವಾಲ್ಟರ್ ಮೆಕ್‌ಮಿಲಿಯನ್ ಅವರಿಗೆ, ಮಾಡದ ಕೊಲೆಗೆ, 1988ರಲ್ಲಿ ಮರಣದಂಡನೆಯ ತೀರ್ಪು ಬಂತು. ಕಾದಂಬರಿ ಬಂದು 28 ವರ್ಷ ಆದ ಮೇಲೆ! 1993ರಲ್ಲಿ ಬಿಡುಗಡೆಯಾದರು. ಅವರ ಪರ ನಿಂತ ವಕೀಲ ಬ್ರಯನ್ ಸ್ಟೀವನ್‌ಸನ್ ಬರೆದ ‘ಜಸ್ಟ್ ಮರ್ಸಿ’ಯನ್ನು ದಯವಿಟ್ಟು ಈಗಲೇ, ಆ ಕಾದಂಬರಿ ಇನ್ನೂ ಮನಸ್ಸಿನಲ್ಲಿರುವಾಗಲೇ ಓದಿ.